ಗೆಂಡೆ ತಿಂದವನಿಗೆ ಬಂಗುಡೆ ಮುಳ್ಳೇ?

"ಮುಳ್ಳಿರುತ್ತೆ ಸಾರ್, ಆಗುತ್ತಾ?"

ಹಲ್ಲು ಬಾರದ ಕೂಸಿಗೆ ಚಕ್ಕುಲಿ ಕೊಡಲಾ ಅಂತ ಕೇಳಿದ ಹಾಗಿತ್ತು. ನಾನು ಹೇಳಿದ್ದು ಬರೀ ಒಂದು ಬಂಗುಡೆ ತವಾ ಫ್ರೈ. ದಾವಣಗೆರೆಯ ಈ ಪುಟ್ಟ ಹೋಟೆಲಿಗೆ ಮೂರು ವರ್ಷದಿಂದ ಬರುತ್ತಿದ್ದೇನೆ. ಗಲ್ಲಾದಲ್ಲಿ ಅಪ್ಪ, ಕಾವಲಿ ಮುಂದೆ ಅಮ್ಮ, ಬಡಿಸುವುದು ಮಗ. ಮೂಲೆ ಟೇಬಲಿನಲ್ಲಿ ಮಗಳ ಹೋಂವರ್ಕ್. ಗಿರಾಕಿ ಜಾಸ್ತಿಯಾದರೆ ಪುಸ್ತಕ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಮಂಗಳೂರು ಕಡೆಯವರು. ಘಟ್ಟದ ಮೇಲಿನವರು ಬೆಣ್ಣೆ ದೋಸೆ, ಮಂಡಕ್ಕಿ-ಮಿರ್ಚಿ ಬಿಟ್ಟು ಬೇರೇನೂ ಕಂಡವರಲ್ಲ ಎನ್ನುವುದು ಅವರ ಲೆಕ್ಕ.

ಸ್ವಾಮಿ, ನಾನು ಸೂಳೆಕೆರೆ ಮೀನು ತಿಂದು ಬೆಳೆದವನು. ಬಂಗುಡೆಯದೂ ಒಂದು ಮುಳ್ಳೇ? ನಡುಮುಳ್ಳು ಹಿಡಿದು ಎಳೆದರೆ ಬಾಚಣಿಗೆ ಥರ ಬಂದುಬಿಡುತ್ತದೆ. ಕೆರೆ ಗೆಂಡೆಯದು ಮಾಂಸದೊಳಗೇ ಹುದುಗಿದ ಕವಲು ಮುಳ್ಳು. ಕಣ್ಣಿಗೆ ಕಾಣದು, ನಾಲಿಗೆಯಲ್ಲೇ ಹುಡುಕಬೇಕು.

ಎಂಟು ವರ್ಷದವನಿದ್ದಾಗ ಚನ್ನಗಿರಿ ಹತ್ತಿರದ ಅಜ್ಜಿ ಊರಲ್ಲಿ ನನ್ನ ಗಂಟಲಿಗೆ ಗೆಂಡೆ ಮುಳ್ಳು ಸಿಕ್ಕಿಕೊಂಡಿತು. ಅಜ್ಜಿ ಮುದ್ದೆಯ ತುತ್ತು ಕೊಟ್ಟು "ಅಗೀಬೇಡ, ನುಂಗು" ಎಂದಳು. ಆಯಿತು. ಪಕ್ಕದ ಮನೆಯಾಕೆ ಬಾಳೆಹಣ್ಣು ತುರುಕಿದಳು. ಯಾರೋ ಬೆನ್ನಿಗೆ ಗುದ್ದಿದರು. ಅವರಿಗೆ ಅಪ್ಪನ ಮೇಲೆ ಹಳೇ ಸಿಟ್ಟಿತ್ತು ಅಂತ ಈಗ ಅನಿಸುತ್ತದೆ. ಕೊನೆಗೆ ಅಪ್ಪ ಬಸ್ ಹತ್ತಿಸಿದರು. ಡಾಕ್ಟರು ಟಾರ್ಚ್ ಬಿಟ್ಟು, "ಏನೂ ಇಲ್ವಲ್ರೀ" ಎಂದು ಫೀಸು ತಗೊಂಡರು. ಮುಳ್ಳು ಇಳಿಸಿದ್ದು ಮುದ್ದೆಯೋ, ಬಾಳೆಹಣ್ಣೋ, ಆ ರಸ್ತೆಯ ಗುಂಡಿಗಳೋ? ಜಗಳ ಮುಂದಿನ ಯುಗಾದಿವರೆಗೂ ನಡೆಯಿತು. ಅಜ್ಜಿಯೂ ಪಕ್ಕದ ಮನೆಯಾಕೆಯೂ ಮಾತು ಬಿಟ್ಟರು. ಅಪ್ಪ ಮಾತ್ರ ಸಾಯುವ ತನಕ ಗುಂಡಿಗಳ ಪರ.

ಪಕ್ಕದ ಟೇಬಲಿನವರು "ಬೋನ್‌ಲೆಸ್ ಇದೆಯಾ?" ಎಂದರು. ಈ ಬೋನ್‌ಲೆಸ್ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪನೀರ್ ತಿನ್ನಬಾರದಾ? ಇನ್ನೊಬ್ಬರು "ಫ್ರೆಶ್ಶಾ?" ಎಂದು ಕೇಳಿದರು. ಜುಲೈ ತಿಂಗಳು! ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತೆಯೇ ಇಲ್ಲ. ಗಲ್ಲಾದ ಯಜಮಾನರು ತಲೆ ಎತ್ತದೆ, "ಐಸಿಂದು" ಎಂದರು. ಆ ಒಂದು ಮಾತಿಗೆ ಮಗನ ತಪ್ಪನ್ನು ಅರ್ಧ ಮನ್ನಾ ಮಾಡಿದೆ.

ಬಂಗುಡೆ ಬಂತು. ಮಸಾಲೆಯ ಅಂಚು ಕಪ್ಪಗೆ ಗರಿಗರಿ. ತಿಂದು, ತಲೆಯಿಂದ ಬಾಲದವರೆಗೆ ಒಂದೂ ಮುರಿಯದ ಅಸ್ಥಿಪಂಜರವನ್ನು ಎಲೆಯ ತುದಿಯಲ್ಲಿ, ಹುಡುಗನಿಗೆ ಕಾಣುವ ಹಾಗೆ ಇಟ್ಟು ಕಾದೆ.

ಅವನು ಬಂದ. ಎಲೆ ಮಡಚಿದ.

"ಪುನರ್ಪುಳಿ ತರ್ಲಾ ಸಾರ್, ಮಜ್ಜಿಗೆನಾ?"