ಬೀಳುವ ಗಳು ಕ್ರಾಸ್‌ಕಂಟ್ರಿಗೆ ಸರಿಯೇ? ಒಂದು ಸ್ಪಷ್ಟನೆ

ಕುದುರೆ ಸವಾರಿ ಸ್ಪರ್ಧೆಯಲ್ಲಿ ಬಯಲಲ್ಲಿ ಓಡುತ್ತಾ ಗಟ್ಟಿ ಬೇಲಿ, ದಿಮ್ಮಿ ಹಾರುವುದು ಕ್ರಾಸ್‌ಕಂಟ್ರಿ; ಅಂಗಣದಲ್ಲಿ ಅಡ್ಡ ಇಟ್ಟ ಗಳು ಹಾರುವುದು ಶೋ ಜಂಪಿಂಗ್. ಮಡಿಕೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಬಗ್ಗೆ ಒಂದು ಮಾತು ಓಡಾಡುತ್ತಿದೆ: 'ಕ್ರಾಸ್‌ಕಂಟ್ರಿಯಲ್ಲೂ ಶೋ ಜಂಪಿಂಗ್ ಥರ ತಾಗಿದರೆ ಬೀಳುವ ಗಳು ಇಟ್ಟರೆ ಕುದುರೆಗೆ ಅಪಾಯವೇ ಇಲ್ಲ.' ಕುದುರೆ ಮೇಲಿನ ಕಾಳಜಿ ದೊಡ್ಡದು. ಆದರೆ ಮಾತು ತಪ್ಪು.

ಶೋ ಜಂಪಿಂಗ್‌ನಲ್ಲಿ ಗಳು ಕೊಕ್ಕೆ ಮೇಲೆ ಸುಮ್ನೆ ಕೂತಿರುತ್ತದೆ. ಗೊರಸು ತಾಗಿದರೂ ಉರುಳುತ್ತದೆ, 4 ಅಂಕ ದಂಡ. ಕ್ರಾಸ್‌ಕಂಟ್ರಿಯಲ್ಲಿ ಹಾಗಲ್ಲ. ದೊಡ್ಡ ಸ್ಪರ್ಧೆಗಳಲ್ಲಿ ಕುದುರೆ ನಿಮಿಷಕ್ಕೆ ಸುಮಾರು 570 ಮೀಟರ್ ಓಡುತ್ತದೆ, ಅದೂ ಏರುತಗ್ಗಿನ ನೆಲದಲ್ಲಿ. ಸಡಿಲ ಗಳು ಅಲ್ಲಿ ಕಾಲಿಗೇ ಸಿಕ್ಕಿಕೊಳ್ಳಬಹುದು. ತೋಟದ ಉಣುಗೋಲಿನ ಗಳು ಜಾರಿ ದನದ ಕಾಲಡಿ ಬಿದ್ದಾಗ ಅದು ಹೇಗೆ ಮುಗ್ಗರಿಸುತ್ತದೆ ಅಂತ ನಾವು ನೋಡಿದ್ದೇವೆ, ಅಲ್ವಾ? ಗಟ್ಟಿ ದಿಮ್ಮಿ ಕಂಡರೆ ಕುದುರೆಯೂ ಜಾಸ್ತಿ ಎಚ್ಚರದಿಂದ ಕಾಲು ಮಡಚಿ ಹಾರುತ್ತದೆ.

ಹಾಗಂತ ಎಲ್ಲ ಬೇಲಿಯೂ ಅಲುಗದಂತೆ ಇರಬೇಕಿಲ್ಲ. ಮುಂಗಾಲು ದಿಮ್ಮಿಗೆ ಸಿಕ್ಕಿ, ಕುದುರೆ ಪಲ್ಟಿ ಹೊಡೆದು ಸವಾರನ ಮೇಲೇ ಬೀಳುವುದು ಈ ಆಟದ ಅತಿ ಭಯಂಕರ ಅಪಘಾತ. ಅದನ್ನು ತಡೆಯಲೆಂದೇ ಬೇಲಿಯ ಗಳು ಹಿಡಿದಿಡುವ ಪಿನ್, ಕ್ಲಿಪ್ ಬಂದಿವೆ. ನಿಗದಿತ ಒತ್ತಡ ಬಿದ್ದರೆ ಮಾತ್ರ ಅವು ಬಿಟ್ಟುಕೊಂಡು ಗಳು ಕುಸಿಯುತ್ತದೆ. ದಂಡ 11 ಅಂಕ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಮೈಕೆಲ್ ಯುಂಗ್ ಅವರಿಗೆ ಬಿದ್ದದ್ದು ಇದೇ ದಂಡ. ಬೆಂಗಳೂರಿನ ಫವಾದ್ ಮಿರ್ಜಾ ಕೂಡ ಅಂದು ಅದೇ ಹಾದಿಯಲ್ಲಿ ಓಡಿದ್ದರು.