ಸುದ್ದಿಗಿಂತ ಸಮಯ ಹೆಚ್ಚಾದಾಗ

ಸುದ್ದಿವಾಹಿನಿಗಳನ್ನು ಬಯ್ಯದ ಕನ್ನಡಿಗನನ್ನು ಹುಡುಕುವುದು ಕಷ್ಟ. ಬಯ್ಯುತ್ತಲೇ ರಾತ್ರಿ ಒಂಬತ್ತಕ್ಕೆ ರಿಮೋಟು ಕೈಗೆತ್ತಿಕೊಳ್ಳದವನನ್ನು ಹುಡುಕುವುದು ಇನ್ನೂ ಕಷ್ಟ. ಬಯ್ಗುಳಗಳೂ ಬಹುಮಟ್ಟಿಗೆ ಒಂದೇ ಬಗೆಯವು: ಕೂಗುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ, ಪರದೆಯ ಮೇಲೆ ಕಣ್ಣು ಊರಲು ಜಾಗ ಬಿಡುವುದಿಲ್ಲ. ಇದಕ್ಕೆಲ್ಲ ಕಾರಣ ಕೇಳಿದರೆ ಕೆಲವರು ನಿರೂಪಕರ ಸ್ವಭಾವವನ್ನು ತೋರಿಸುತ್ತಾರೆ, ಕೆಲವರು ಮಾಲೀಕರ ದುರಾಸೆಯನ್ನು, ಹೆಚ್ಚಿನವರು ಟಿಆರ್‌ಪಿಯನ್ನು, ಅಂದರೆ ಎಷ್ಟು ಜನ ನೋಡಿದರೆಂಬ ರೇಟಿಂಗನ್ನು. ನನ್ನ ಅನುಮಾನ ಮಾತ್ರ ಮೊದಲಿನಿಂದಲೂ ಗಡಿಯಾರದ ಮೇಲೆ. ಅರ್ಧ ಗಂಟೆಗೆಂದು ಹುಟ್ಟಿದ ಒಂದು ಕಸುಬನ್ನು ದಿನವಿಡೀ ನಡೆಸಬೇಕಾಗಿ ಬಂದಾಗ ಅದರ ಮೈಕಟ್ಟು, ಮಾತು, ಉಡುಪು ಎಲ್ಲವೂ ಏನಾಗಬಹುದೋ ಅದೇ ನಮ್ಮ ಕಣ್ಣೆದುರು ಆಗಿದೆ.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಆ ಕಾಲದ ವಾರ್ತೆಯನ್ನು ನೋಡಿ ಬೆಳೆದವರಿಗೆ ನೆನಪಿರುವುದು ಒಂದು ಮೇಜು, ಹಿಂದೊಂದು ಬಣ್ಣದ ಹಲಗೆ ಮತ್ತು ಮೇಜಿನ ಹಿಂದೆ ಎದೆಯಿಂದ ಮೇಲಕ್ಕಷ್ಟೇ ಕಾಣುತ್ತಿದ್ದ ಒಬ್ಬ ವ್ಯಕ್ತಿ. ಮಹಿಳೆಯಾದರೆ ಅಂಚು ನೀಟಾಗಿ ಪಿನ್ನು ಮಾಡಿದ ಸೀರೆ, ಗಂಡಸಾದರೆ ಬೇಸಿಗೆಯಲ್ಲೂ ಕೋಟು. ಕೈಯಲ್ಲಿ ಹಾಳೆಗಳ ಕಟ್ಟು. ಒಂದು ಸುದ್ದಿ ಮುಗಿದ ಮೇಲೆ ಆ ಹಾಳೆಯನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಿ, ಕಣ್ಣೆತ್ತಿ ನಮ್ಮನ್ನು ನೋಡಿ, ಮತ್ತೆ ತಲೆ ತಗ್ಗಿಸುವುದು ಆ ಕಸುಬಿನ ಇಡೀ ಅಭಿನಯವಾಗಿತ್ತು. ಪ್ರವಾಹವಾಗಲಿ, ಕ್ರಿಕೆಟ್ ಗೆಲುವಾಗಲಿ, ಮುಖ ಹೆಚ್ಚು ಬದಲಾಗುತ್ತಿರಲಿಲ್ಲ. ಯಾರಾದರೂ ಗಣ್ಯರು ತೀರಿಕೊಂಡಾಗ ಮಾತ್ರ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಕೊನೆಗೆ ಮುಖ್ಯಾಂಶಗಳು ಮತ್ತೊಮ್ಮೆ, ನಮಸ್ಕಾರ, ಆಮೇಲೆ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಕುಟ್ಟಿ ಒಂದಾಗಿಸುವ ಕೈಗಳು. ಅಲ್ಲಿಗೆ ಆ ದಿನದ ಜಗತ್ತು ಮುಗಿದಂತೆ ಮನೆಯವರು ಊಟಕ್ಕೆ ಏಳುತ್ತಿದ್ದರು.

ಆ ಶಾಂತಿಯನ್ನು ಹೊಗಳುವಾಗ ಸ್ವಲ್ಪ ಎಚ್ಚರ ಬೇಕು. ಆ ಅರ್ಧ ಗಂಟೆಯ ಬಹುಭಾಗ ಸಚಿವರ ಉದ್ಘಾಟನೆ, ಶಂಕುಸ್ಥಾಪನೆ ಮತ್ತು ಸಭೆಗಳಿಗೆ ಮೀಸಲಾಗಿರುತ್ತಿತ್ತು. ಸಣ್ಣ ಊರಿನ ಆಸ್ಪತ್ರೆಯಲ್ಲಿ ವೈದ್ಯರಿಲ್ಲದಿರುವುದು ಸುದ್ದಿಯಾಗಬೇಕಾದರೆ ಆ ಆಸ್ಪತ್ರೆಯ ಹೊಸ ಕಟ್ಟಡವನ್ನು ಉದ್ಘಾಟಿಸಲು ಯಾರಾದರೂ ಬರಬೇಕಿತ್ತು. ಬಂದರೂ ಸುದ್ದಿಯಾಗುತ್ತಿದ್ದುದು ಕಟ್ಟಡವೇ. ದನಿ ಎತ್ತರಿಸದಿರುವುದು ಸಭ್ಯತೆಯೂ ಹೌದು, ದನಿ ಎತ್ತರಿಸುವಂಥ ವಿಷಯವನ್ನೇ ಮುಟ್ಟದಿರುವುದರ ಅನುಕೂಲವೂ ಹೌದು.

ಕಾಗದ ನೋಡಿ ಓದುವ ಈ ಪದ್ಧತಿಯನ್ನು ಮೊದಲು ಅಲುಗಿಸಿದ್ದು ಟೆಲಿಪ್ರಾಂಪ್ಟರ್. ಕ್ಯಾಮೆರಾದ ಮುಂದೆ ಓರೆಯಾಗಿ ನಿಲ್ಲಿಸಿದ ಒಂದು ಗಾಜು, ಅದರ ಕೆಳಗೆ ಮಲಗಿಸಿದ ಒಂದು ಪರದೆ. ಪರದೆಯಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ, ಗಾಜಿನಲ್ಲಿ ಪ್ರತಿಫಲಿಸಿದಾಗ ನೆಟ್ಟಗಾಗುತ್ತವೆ, ಓದುವವರಿಗೆ ಕಾಣುತ್ತವೆ, ಕ್ಯಾಮೆರಾಕ್ಕೆ ಕಾಣುವುದಿಲ್ಲ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು, ಹಾಗಾಗಿ ಒಂದು ನೋಟಕ್ಕೆ ಸಿಗುವ ಪದಗಳು ಕಡಿಮೆ. ಪ್ರಾಂಪ್ಟರ್ ನಡೆಸುವವರ ಕೈ ಸ್ವಲ್ಪ ತಡವರಿಸಿದರೂ ವಾಕ್ಯದ ಕೊನೆಯ ಕ್ರಿಯಾಪದ ಬರುವ ತನಕ ಓದುವವರು ನಗುಮುಖ ಮಾಡಿಕೊಂಡು ಕಾಯಬೇಕು. ಆದರೂ ಅದು ಬಂದ ಮೇಲೆ ವಾರ್ತೆ ಓದುವವರು ತಲೆ ತಗ್ಗಿಸುವುದು ನಿಂತಿತು, ನಮ್ಮನ್ನೇ ದಿಟ್ಟಿಸಿ ನೋಡುವುದು ಶುರುವಾಯಿತು. ಕೈಯಲ್ಲಿನ ಹಾಳೆಗಳು ಮಾತ್ರ ಹೋಗಲಿಲ್ಲ. ಯಂತ್ರ ಕೈಕೊಟ್ಟರೆ ಇರಲೆಂದು ಒಂದು ಕಾರಣ; ಬರಿಗೈಯನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯದಿದ್ದುದು, ನನ್ನ ಪ್ರಕಾರ, ಇನ್ನೊಂದು.

1994ರಲ್ಲಿ ಉದಯ ಟಿವಿ, 2000ದ ಕೊನೆಯಲ್ಲಿ ಈಟಿವಿ ಕನ್ನಡ ಬಂದವು. ವಾರ್ತೆಗೆ ಸಂಗೀತ ಬಂತು, ಬಣ್ಣ ಬಂತು, ಜಿಲ್ಲೆಗಳ ಹೆಸರುಗಳೂ ಬಂದವು. ಈಟಿವಿಯವರು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಕುಳಿತು ಗದಗದ ನೀರಿನ ತೊಂದರೆಯನ್ನೂ ಚಿಕ್ಕಮಗಳೂರಿನ ಕಾಫಿ ಬೆಲೆಯನ್ನೂ ಓದುತ್ತಿದ್ದರೆಂಬುದು ಈಗ ಯೋಚಿಸಿದರೆ ವಿಚಿತ್ರವೆನಿಸುತ್ತದೆ, ಆಗ ಯಾರಿಗೂ ಹಾಗೆನಿಸಲಿಲ್ಲ. ಧಾರಾವಾಹಿಗಳ ನಡುವೆ ಸಿಕ್ಕಷ್ಟು ಹೊತ್ತು ಮಾತ್ರ ವಾರ್ತೆಗೆ. ಆದ್ದರಿಂದ ಯಾವುದನ್ನು ಬಿಡಬೇಕು ಎಂಬುದೇ ಡೆಸ್ಕಿನಲ್ಲಿ ಕುಳಿತವರ ದೊಡ್ಡ ಚಿಂತೆಯಾಗಿತ್ತು.

2006ರ ಡಿಸೆಂಬರ್‌ನಲ್ಲಿ ಟಿವಿ9 ಕನ್ನಡ, 2008ರಲ್ಲಿ ಸುವರ್ಣ ನ್ಯೂಸ್, ಆಮೇಲೆ ಒಂದರ ಹಿಂದೊಂದು ಬಂದು ಈ ಚಿಂತೆಯನ್ನು ತಲೆಕೆಳಗು ಮಾಡಿದವು. ಈಗ ಬಿಡುವುದಕ್ಕೆ ಏನೂ ಇಲ್ಲ, ತುಂಬುವುದಕ್ಕೆ ಮಾತ್ರ ಇದೆ. ದಿನಕ್ಕೆ 24 ಗಂಟೆ, ಅಂದರೆ 48 ಅರ್ಧ ಗಂಟೆಗಳು. ರಾಜ್ಯದಲ್ಲಿ ನಡೆಯುವ ಸಂಗತಿಗಳು ಮಾತ್ರ ಮೊದಲು ಎಷ್ಟಿದ್ದವೋ ಅಷ್ಟೇ. ಒಂದು ಪಾವು ಅಕ್ಕಿಯ ಹಿಟ್ಟಿನಲ್ಲಿ ಊರಿಗೆಲ್ಲ ದೋಸೆ ಹುಯ್ಯಲು ಹೊರಟರೆ ದೋಸೆ ತೆಳ್ಳಗಾಗದೆ ಇನ್ನೇನಾದೀತು?

ಆ ತೆಳುವನ್ನು ಮುಚ್ಚಲು ಪರದೆ ತುಂಬಿತು ಎಂಬುದು ನನ್ನ ಊಹೆ. ಯಾವುದೇ ಸಂಜೆ ಒಂದು ವಾಹಿನಿಯನ್ನು ಹಾಕಿ ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ. ತೀರಾ ಕೆಳಗೆ ಬಲದಿಂದ ಎಡಕ್ಕೆ ಓಡುವ ಸ್ಕ್ರಾಲ್. ಅದರ ಮೇಲೆ ಕೆಂಪು ಪಟ್ಟಿಯಲ್ಲಿ ಆಶ್ಚರ್ಯಸೂಚಕ ಚಿಹ್ನೆಗಳನ್ನು ಹೊತ್ತ ತಲೆಬರಹ. ಅದರ ಮೇಲೆ ಇನ್ನೊಂದು ಪಟ್ಟಿಯಲ್ಲಿ ಕಾರ್ಯಕ್ರಮದ ಹೆಸರು. ಬಲಮೂಲೆಯಲ್ಲಿ ತಿರುಗುವ ಲೋಗೋ, ಎಡಮೂಲೆಯಲ್ಲಿ ‘ಎಕ್ಸ್‌ಕ್ಲೂಸಿವ್’. ಮಧ್ಯದಲ್ಲಿ ನಾಲ್ಕು ಕಿಟಕಿಗಳು. ಒಂದು ಕಿಟಕಿಯಲ್ಲಿ ನಿರೂಪಕರು, ಒಂದರಲ್ಲಿ ವರದಿಗಾರ, ಒಂದರಲ್ಲಿ ಫೋನಿನಲ್ಲಿ ಮಾತಾಡುತ್ತಿರುವವರ ಹಳೆಯ ಭಾವಚಿತ್ರ, ಉಳಿದೊಂದರಲ್ಲಿ ಸಿಸಿಟಿವಿಯ ಹನ್ನೆರಡು ಸೆಕೆಂಡುಗಳ ದೃಶ್ಯ, ಅದಕ್ಕೊಂದು ಕೆಂಪು ವೃತ್ತ ಮತ್ತು ಬಾಣ, ಮುಗಿದ ಕೂಡಲೇ ಮೊದಲಿನಿಂದ. ಸ್ಕೂಟರ್ ಸವಾರ ಅರ್ಧ ಗಂಟೆಯಲ್ಲಿ ಎಷ್ಟು ಸಲ ಬೀಳುತ್ತಾನೋ ಪಾಪ. ನಮ್ಮ ಮನೆಯ ಹಿರಿಯರೊಬ್ಬರು ಇದನ್ನೆಲ್ಲ ದನಿ ಪೂರ್ತಿ ಇಳಿಸಿ, ದಿನಪತ್ರಿಕೆಯಂತೆ ಓದುತ್ತಾರೆ. ಮಾತು ಕೇಳದಿದ್ದರೂ ಏನೂ ತಪ್ಪಿಹೋಗುವುದಿಲ್ಲ ಎಂಬುದು ಅವರ ಅನುಭವ, ಅವರು ಹೇಳುವುದು ಸುಳ್ಳೆನ್ನಲು ನನ್ನಲ್ಲಿ ಪುರಾವೆಯಿಲ್ಲ.

ಪರದೆ ಹೀಗಾದಾಗ ಅದರೊಳಗಿನ ಮನುಷ್ಯ ಮೊದಲಿನಂತೆ ಕುಳಿತಿರಲು ಸಾಧ್ಯವಿರಲಿಲ್ಲ. ಮೊದಲು ಮೇಜು ಗಾಜಿನದಾಯಿತು, ಆಮೇಲೆ ಅದೂ ಹೋಗಿ ನಿರೂಪಕರು ಎದ್ದು ನಿಂತರು, ನಿಂತವರು ದೊಡ್ಡ ಪರದೆಯ ಮುಂದೆ ನಡೆದಾಡತೊಡಗಿದರು. ಮಾತೂ ಅದರ ಜೊತೆ ನಡೆಯಿತು. ನೇರಪ್ರಸಾರದ ವರದಿಗಾರರ ಕನ್ನಡವನ್ನು ಗೇಲಿ ಮಾಡುವವರು ಬಹಳ ಜನ ಇದ್ದಾರೆ: ಸಚಿವರು ‘ಬಂದಿರುವಂಥದ್ದು’, ಸಭೆ ‘ನಡೆಯುತ್ತಿರುವಂಥದ್ದು’, ಜನ ‘ಆಕ್ರೋಶ ವ್ಯಕ್ತಪಡಿಸುತ್ತಿರುವಂಥದ್ದು’. ‘ಬಂದರು’ ಎಂದರೆ ವಾಕ್ಯ ಮುಗಿದುಹೋಗುತ್ತದೆ, ಮುಂದಿನ ವಾಕ್ಯ ತಕ್ಷಣ ಬೇಕಾಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಭೆ ನಡೆಯುತ್ತಿದೆ, ಹೊರಗೆ ನಿಂತವನಿಗೆ ಏನೂ ಗೊತ್ತಿಲ್ಲ, ಸ್ಟುಡಿಯೋದಿಂದ ‘ಏನೆಲ್ಲ ಮಾಹಿತಿ ಲಭ್ಯವಾಗಿದೆ’ ಎಂಬ ಪ್ರಶ್ನೆ ಹತ್ತು ನಿಮಿಷಕ್ಕೊಮ್ಮೆ ಬರುತ್ತದೆ. ಅಂಥವನು ಕ್ರಿಯಾಪದವನ್ನು ಎಳೆದು ಎಳೆದು ಮಾತಾಡದೆ ವ್ಯಾಕರಣಶುದ್ಧವಾಗಿ ಮಾತಾಡಬೇಕೆಂದು ಬಯಸುವುದು ಸ್ವಲ್ಪ ಕ್ರೂರವೇ ಸರಿ. ಪ್ರಶ್ನೆ ಕೇಳಿದ ಮೇಲೂ ಆತ ಕ್ಷಣಕಾಲ ಕಣ್ಣು ಮಿಟುಕಿಸದೆ ನಿಂತು, ಆಮೇಲೆ ತಲೆಯಾಡಿಸುತ್ತಾನಲ್ಲ, ಅದಕ್ಕೂ ನಗುವವರಿದ್ದಾರೆ. ಸ್ಥಳದಿಂದ ನೇರಪ್ರಸಾರ ಮಾಡುವ ಓಬಿ ವ್ಯಾನಿನಿಂದ ಹೊರಟ ಸಂಕೇತ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಮತ್ತೆ ಅಷ್ಟೇ ದೂರ ಇಳಿದು ಬರಬೇಕು. ಒಂದು ದಿಕ್ಕಿಗೇ ಕಾಲು ಸೆಕೆಂಡು ಅಲ್ಲೇ ಹೋಯಿತು, ಯಂತ್ರಗಳ ತಡ ಬೇರೆ. ಈಗ ಹಲವಾರು ಸಿಮ್‌ಗಳನ್ನು ಒಟ್ಟು ಕಟ್ಟಿದ ಬೆನ್ನುಚೀಲದ ಯಂತ್ರಗಳು ವ್ಯಾನಿನ ಕೆಲಸವನ್ನು ಬಹಳಷ್ಟು ಕಡೆ ವಹಿಸಿಕೊಂಡಿವೆ. ಇದರಿಂದ ವ್ಯಾನು ಹೋಗದ ಗಲ್ಲಿಗೂ ನೇರಪ್ರಸಾರ ಹೋಗುತ್ತದೆ; ಮಳೆಗಾಲದಲ್ಲಿ ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ ವರದಿಗಾರನನ್ನು ನಾವು ನೋಡುವುದು ಇದರ ದಯೆಯಿಂದಲೇ. ನೀರು ಎಷ್ಟಿದೆಯೆಂದು ತೋರಿಸಲು ಆತ ಇನ್ನಷ್ಟು ಬಗ್ಗುತ್ತಾನೆ ಎಂಬುದು ಬೇರೆ ಮಾತು.

ಟಿಆರ್‌ಪಿಯೇ ಇಷ್ಟಕ್ಕೆಲ್ಲ ಮೂಲ ಎನ್ನುವವರಿಗೆ ಒಂದು ಘಟನೆಯನ್ನು ನೆನಪಿಸಬೇಕು. ರೇಟಿಂಗ್ ತಿರುಚಿದ ಆರೋಪ ಎದ್ದಾಗ, 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಸುದ್ದಿವಾಹಿನಿಗಳ ವಾರದ ರೇಟಿಂಗನ್ನು, ಅದನ್ನು ಅಳೆಯುವ ಬಾರ್ಕ್ ಸಂಸ್ಥೆ ಪ್ರಕಟಿಸಲೇ ಇಲ್ಲ. ರೇಟಿಂಗ್ ಹೊರಬೀಳುವ ಗುರುವಾರ ಬಂದರೆ ನಡುಗುತ್ತಿದ್ದ ಸುದ್ದಿಮನೆಗಳಿಗೆ ನಡುಗಲು ಕಾರಣವಿಲ್ಲದ ಅಷ್ಟು ತಿಂಗಳುಗಳಲ್ಲಿ ಪರದೆ ತಿಳಿಯಾಗಬೇಕಿತ್ತು, ದನಿ ಇಳಿಯಬೇಕಿತ್ತು. ನಾನು ಕಂಡಂತೆ ಕಿಟಕಿಗಳೂ ಕಡಿಮೆಯಾಗಲಿಲ್ಲ, ಪಟ್ಟಿಯ ಕೆಂಪೂ ಮಾಸಲಿಲ್ಲ. ರೇಟಿಂಗ್ ನಿಂತಿದ್ದರೂ ಗಡಿಯಾರ ನಿಂತಿರಲಿಲ್ಲವಲ್ಲ.

ಇದರ ನಡುವೆ ಮೇಜನ್ನು ಬಿಡದವರೂ ಇದ್ದಾರೆ. 2012ರಲ್ಲಿ ಪಬ್ಲಿಕ್ ಟಿವಿ ಶುರುಮಾಡಿದ ಎಚ್.ಆರ್. ರಂಗನಾಥ್ ಪತ್ರಿಕೆಯಿಂದ ಬಂದವರು. ರಾತ್ರಿ ಒಂಬತ್ತರ ‘ಬಿಗ್ ಬುಲೆಟಿನ್’ನಲ್ಲಿ ಅವರು ಸುದ್ದಿ ಓದುವುದಕ್ಕಿಂತ ಸುದ್ದಿಯ ಬಗ್ಗೆ ಮಾತಾಡುವುದೇ ಹೆಚ್ಚು. ಅವರ ಅಭಿಪ್ರಾಯಗಳನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಆದರೆ ಹೊಸ ಸುದ್ದಿಯಿಲ್ಲದ ಹೊತ್ತನ್ನು ಮಾತಿನಿಂದ ತುಂಬಬಹುದು, ಹಾಗೆ ತುಂಬಲು ನಡೆದಾಡಬೇಕಾಗಿಲ್ಲ ಎಂಬುದನ್ನು ಅವರು ತೋರಿಸಿದರು. ಇನ್ನೊಂದು ತುದಿಯಲ್ಲಿ, 2023ರಲ್ಲಿ ಪವರ್ ಟಿವಿಯವರು ಸೌಂದರ್ಯ ಎಂಬ ಹೆಸರಿನ ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನು ಪರದೆಗೆ ತಂದರು. ಜನ ಕುತೂಹಲದಿಂದ ನೋಡಿದರು, ತುಟಿಗೂ ಮಾತಿಗೂ ಹೊಂದಿಕೆಯಿಲ್ಲವೆಂದು ಟೀಕೆ ಮಾಡಿದರು, ಮರೆತರು. ನನಗಂತೂ ಅಚ್ಚರಿಯಾಗಲಿಲ್ಲ. ರಾತ್ರಿ ಎರಡು ಗಂಟೆಗೂ ಮೂರು ಗಂಟೆಗೂ ಯಾರಾದರೊಬ್ಬರು ಪರದೆಯಲ್ಲಿ ಇರಲೇಬೇಕೆಂಬ ಹಟಕ್ಕೆ ಬಿದ್ದ ಮೇಲೆ ನಿದ್ದೆಯಿಲ್ಲದ ನಿರೂಪಕಿಯನ್ನು ಯಾರಾದರೂ ತಯಾರಿಸಲೇಬೇಕಿತ್ತು.

ಜಿಲ್ಲಾಕೇಂದ್ರಗಳ ಕೇಬಲ್ ವಾರ್ತೆಯನ್ನು ನೋಡಿದಾಗ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ನಮ್ಮಲ್ಲಿ ಸಣ್ಣ ಊರುಗಳಿಗೂ ಒಂದೋ ಎರಡೋ ಇಂಥ ವಾಹಿನಿಗಳಿವೆ. ಮಂಗಳೂರಿನಲ್ಲಿ ‘ನಮ್ಮ ಕುಡ್ಲ’ದವರು ತುಳುವಿನಲ್ಲೇ ವಾರ್ತೆ ಓದುತ್ತಾರೆ. ಕೇಬಲ್ ಆಪರೇಟರ ಅಂಗಡಿಯ ಮೇಲಿನ ಒಂದು ಕೋಣೆ, ಹಿಂದೆ ಊರಿನ ದೇವಸ್ಥಾನದ್ದೋ ಕೋಟೆಯದ್ದೋ ಚಿತ್ರವಿರುವ ಫ್ಲೆಕ್ಸು, ಮುಂದೊಂದು ಮೇಜು, ಕಾಲೇಜು ಮುಗಿಸಿ ಬಂದ ಹುಡುಗಿ. ಪುರಸಭೆಯ ಸಾಮಾನ್ಯ ಸಭೆಯಲ್ಲಿ ಗದ್ದಲ, ಅಡಿಕೆಯ ಇಂದಿನ ಧಾರಣೆ, ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಾವ ಯಾವ ಬೀದಿಯಲ್ಲಿ ಕರೆಂಟು ಇರುವುದಿಲ್ಲ, ಪ್ರೌಢಶಾಲೆಯ ಖೋಖೋ ತಂಡ ವಿಭಾಗಮಟ್ಟಕ್ಕೆ ಆಯ್ಕೆ. ಕೆಳಗಿನ ಪಟ್ಟಿಯಲ್ಲಿ ಜ್ಯುವೆಲರಿ ಅಂಗಡಿಯ ಜಾಹೀರಾತು, ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ. ಆಕೆ ಕೂತು ಓದುತ್ತಾಳೆ, ಕೂಗುವುದಿಲ್ಲ, ನಡೆದಾಡುವುದಿಲ್ಲ, ಮುಗಿದ ಮೇಲೆ ನಮಸ್ಕಾರ ಹೇಳುತ್ತಾಳೆ. ದೂರದರ್ಶನದ ಹಳೆಯ ಶಿಸ್ತನ್ನು ಆಕೆಗೆ ಯಾರೂ ಕಲಿಸಿಲ್ಲ, ಅದನ್ನು ನೋಡುವ ವಯಸ್ಸೂ ಆಕೆಯದಲ್ಲ. ಇರುವುದು ಅರ್ಧ ಗಂಟೆ, ಊರಿನಲ್ಲಿ ಅರ್ಧ ಗಂಟೆಗೆ ಸಾಕಾಗುವಷ್ಟು ಸುದ್ದಿಯಿದೆ. ಕೂಗಲು ಪುರುಸೊತ್ತೇ ಇಲ್ಲ.

ದೊಡ್ಡ ವಾಹಿನಿಗಳಿಗೂ ಅಪರೂಪಕ್ಕೆ ಇಂಥ ದಿನ ಬರುತ್ತದೆ. 2023ರ ಮೇ 13ರ ಶನಿವಾರ, ವಿಧಾನಸಭೆಯ 224 ಸ್ಥಾನಗಳ ಮತ ಎಣಿಕೆ. ಬೆಳಿಗ್ಗೆ ಎಂಟಕ್ಕೆ ಅಂಚೆ ಮತಗಳಿಂದ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಚಿತ್ರ ಸ್ಪಷ್ಟವಾಗಿತ್ತು. ಅಂದು ಪರದೆಯ ಮೇಲಿನ ಯಾವ ಪಟ್ಟಿಯೂ ಹೆಚ್ಚೆನಿಸಲಿಲ್ಲ. ಪಕ್ಷವಾರು ಅಂಕಿ ಒಂದರಲ್ಲಿ, ಕ್ಷೇತ್ರದ ಮುನ್ನಡೆ ಇನ್ನೊಂದರಲ್ಲಿ, ಸೋತ ಸಚಿವರ ಹೆಸರು ಮತ್ತೊಂದರಲ್ಲಿ, ಎಲ್ಲವೂ ಬೇಕಾದವೇ. ಸಂಜೆಯಾಗುವಷ್ಟರಲ್ಲಿ ಸಂಭ್ರಮದ ದೃಶ್ಯಗಳು ಎರಡನೆಯ ಸುತ್ತು, ಮೂರನೆಯ ಸುತ್ತು ಬರತೊಡಗಿ ಎಂದಿನ ಎಳೆದಾಟ ಶುರುವಾಗಿತ್ತು, ಆದರೆ ಬೆಂಗಳೂರಿನ ಜಯನಗರ ಕ್ಷೇತ್ರ ಉಳಿದಿತ್ತು. ಅಲ್ಲಿ ಮರು ಎಣಿಕೆ. ಆವರೆಗೆ ಕಾಂಗ್ರೆಸ್ಸಿನ ಖಾತೆಯಲ್ಲಿ 136 ಎಂದು ತೋರಿಸುತ್ತಿದ್ದ ಅಂಕಿ ಮಧ್ಯರಾತ್ರಿಯ ಹೊತ್ತಿಗೆ 135 ಆಯಿತು. ಬಿಜೆಪಿ ಅಭ್ಯರ್ಥಿ 16 ಮತಗಳಿಂದ ಗೆದ್ದಿದ್ದರು. ದಿನಕ್ಕೆ ನೂರು ಸಲ ಹೊಳೆಯುವ ‘ಬ್ರೇಕಿಂಗ್’ ಪಟ್ಟಿ ಆಗಲೂ ಹೊಳೆಯಿತು, ಆ ಒಂದು ಸಲಕ್ಕೆ ಅದರ ಮೇಲೆ ನನ್ನ ತಕರಾರಿಲ್ಲ. ಮರುದಿನ ಭಾನುವಾರ ಅದೇ ಪಟ್ಟಿಯಲ್ಲಿ ಮುಖ್ಯಮಂತ್ರಿ ಯಾರಾಗುತ್ತಾರೆಂಬ ಪ್ರಶ್ನೆ ಬಂದು ಕುಳಿತಿತು, ಉತ್ತರ ಸಿಗುವ ತನಕ ಹಗಲೂ ರಾತ್ರಿ ಅಲ್ಲೇ ಇತ್ತು.