ಬಿಸಿಲಿಗೆ ಆಗದವರು

ಮಂಡ್ಯ ಜಿಲ್ಲೆಯಲ್ಲಿ ನೋಡಲೇಬೇಕಾದ ಎರಡು ವಸ್ತುಗಳಿವೆ. ಎರಡಕ್ಕೂ ಬಿಸಿಲು ಆಗಿಬರುವುದಿಲ್ಲ.

ಒಂದು, ಶ್ರೀರಂಗಪಟ್ಟಣದ ದರಿಯಾ ದೌಲತ್ ತೋಟದ ಅರಮನೆಯಲ್ಲಿರುವ ಗೋಡೆಚಿತ್ರಗಳು. ಬಣ್ಣ ಮಾಸಬಾರದು ಅಂತ ಅರಮನೆಯ ಸುತ್ತಲೂ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಇನ್ನೊಂದು, ಮೇಲುಕೋಟೆ ಚೆಲುವನಾರಾಯಣಸ್ವಾಮಿಯ ವೈರಮುಡಿ. ಈ ವಜ್ರದ ಕಿರೀಟದ ಮೇಲೆ ಹಗಲು ಬೆಳಕು ಬೀಳಬಾರದು ಅನ್ನುವುದು ಸಂಪ್ರದಾಯ. ಹಾಗಾಗಿ ಉತ್ಸವ ನಡೆಯುವುದೇ ರಾತ್ರಿ. ಎರಡನ್ನೂ ನೋಡಲು ಹೋಗುವವರಿಗೆ ಮಾತ್ರ ಬಿಸಿಲಿಗೆ ಕೊರತೆ ಇಲ್ಲ. ವೈರಮುಡಿ ಬರುವುದು ಫಾಲ್ಗುಣದಲ್ಲಿ. ಆಗ ಶ್ರೀರಂಗಪಟ್ಟಣದ ರಸ್ತೆಯ ಮೇಲೆ ದೋಸೆ ಹುಯ್ಯಬಹುದು.

ನಮ್ಮ ದೊಡ್ಡಮ್ಮನನ್ನೂ ಸೇರಿಸಿಕೊಂಡರೆ ಬಿಸಿಲಿಗೆ ಆಗದವರು ಮೂವರು. ಅವರು ಮನೆ ಬಿಟ್ಟರೆ ಕೈಯಲ್ಲೊಂದು ಕರೀ ಕೊಡೆ, ಹೆಗಲಿಗೊಂದು ಬಟ್ಟೆ ಚೀಲ, ಚೀಲದಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಕೋಡುಬಳೆ. ಈ ನಾಲ್ಕರಲ್ಲಿ ಒಂದು ಕಡಿಮೆಯಾದರೂ ಗೇಟಿನಿಂದ ವಾಪಸ್ ಬರುತ್ತಾರೆ.

ಪ್ಲಾನು ಭಾವನದು. ಮೈಸೂರಿನಿಂದ ಬೆಳಿಗ್ಗೆ ಹೊರಡುವುದು, ಮೊದಲು ತೋಟ, ಸಂಜೆ ಕಿರೀಟ, ರಾತ್ರಿ ಹತ್ತಕ್ಕೆ ಮನೆ. "ಎಲ್ಲಾ ಲೆಕ್ಕ ಹಾಕಿದ್ದೀನಿ ಕಣಯ್ಯಾ" ಅಂದರು ನನಗೆ. ಅಕ್ಕ ನನ್ನ ಮುಖ ನೋಡಿದಳು. ಮದುವೆಯಾದಾಗಿನಿಂದ ಅವಳು ಈ ಲೆಕ್ಕಗಳನ್ನು ನೋಡುತ್ತಲೇ ಬಂದಿದ್ದಾಳೆ. ಬೆಳಿಗ್ಗೆ ಅಂದವರು ಹೊರಟಿದ್ದು ಹನ್ನೊಂದು ಗಂಟೆಗೆ.

ದರಿಯಾ ದೌಲತ್ ಅರಮನೆಯನ್ನು ಟಿಪ್ಪು 1784ರಲ್ಲಿ ಕಟ್ಟಿಸಿದ್ದು, ಬೇಸಿಗೆ ಕಳೆಯುವುದಕ್ಕೆ. ಪಕ್ಕದಲ್ಲೇ ಕಾವೇರಿ. ಗೇಟಿನಿಂದ ಅರಮನೆಯವರೆಗೆ ನೇರ ದಾರಿ, ಎರಡೂ ಕಡೆ ಹುಲ್ಲು, ಕತ್ತರಿಸಿ ಒಪ್ಪ ಮಾಡಿದ ಗಿಡ. ದಾರಿಯ ತುದಿಯಲ್ಲಿ ಅರಮನೆ ಇರಬೇಕು. ಇದ್ದದ್ದು ಹಸಿರು ಪರದೆ. ಭಾವ ಫೋನು ಹಿಡಿದು ನಿಂತವರು ಕೈ ಇಳಿಸಿದರು. "ಏನಿದು, ರಿಪೇರಿ ನಡೀತಿದೆಯಾ? ನಾವು ಬಂದ ದಿನವೇ?"

"ಯಾವಾಗಲೂ ಹೀಗೇ ಇರುತ್ತೆ ಭಾವ. ಚಿತ್ರಗಳಿಗೆ ಬಿಸಿಲು ತಾಗಬಾರದು ಅಂತ."

ದೊಡ್ಡಮ್ಮ ಕೊಡೆಯ ಕೆಳಗಿನಿಂದಲೇ ತಲೆಯಾಡಿಸಿದರು. ಬಿಸಿಲಿನ ವಿಷಯದಲ್ಲಿ ಸರಿಯಾಗಿ ಯೋಚನೆ ಮಾಡುವವರು ಈ ಲೋಕದಲ್ಲಿ ಇನ್ನೂ ಇದ್ದಾರೆ ಅನ್ನುವ ಸಮಾಧಾನ ಅವರಿಗೆ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಹೊರಗಿನಿಂದ ಕಾಣುವುದು ಪರದೆಯೊಂದೇ. ಭಾವ ಅದನ್ನೇ ನಾಲ್ಕೂ ದಿಕ್ಕಿನಿಂದ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. "ಮನೆ ಕಟ್ಟಿಸ್ತಾ ಇದ್ದೀರಾ? ಹೇಳಲೇ ಇಲ್ಲ" ಅಂತ ದಾವಣಗೆರೆಯ ಚಿಕ್ಕಪ್ಪ ಕೇಳಿದರು.

ಒಳಗೆ ಹೋಗುವ ಮೊದಲೇ ದೊಡ್ಡಮ್ಮನಿಗೆ ಹಸಿವಾಯಿತು. ಮರದ ನೆರಳು ನೋಡಿಕೊಂಡು ಹುಲ್ಲಿನ ಮೇಲೆ ಟವೆಲ್ ಹಾಸಿ ಡಬ್ಬಿ ಬಿಚ್ಚಿದರು. ಸೀಟಿ ಊದುತ್ತಾ ಕಾವಲಿನವನು ಬಂದ.

"ಅಮ್ಮಾ, ಇಲ್ಲಿ ಊಟ ಮಾಡಂಗಿಲ್ಲ."

"ಊಟ ಅಲ್ಲಪ್ಪಾ, ತಿಂಡಿ."

"ತಿಂಡೀನೂ ತಿನ್ನಂಗಿಲ್ಲ ಕಣಮ್ಮಾ."

"ನಾನೆಲ್ಲಿ ತಿಂದೆ? ನೀನು ಬಾಯಿ ಬಿಡು" ಅಂತ ಅವನ ಕೈಗೆ ಒಂದು ಕೋಡುಬಳೆ ಇಟ್ಟರು.

ಪಾಪ, ಅವನ ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಕೋಡುಬಳೆ. ಸ್ವಲ್ಪ ಹೊತ್ತು ಎರಡನ್ನೂ ನೋಡಿದ. ಆಮೇಲೆ ಸೀಟಿಯನ್ನು ಜೇಬಿಗೆ ಹಾಕಿದ. ಕರುಂ ಅಂತ ಕಚ್ಚಿ, "ಗೇಟಿನ ಆಚೆ ಮರ ಅದೆ, ಅಲ್ಲಿ ಕೂತ್ಕೊಳಿ. ನಾನು ಏಳ್ಸಲ್ಲ" ಅಂದ. ಹೋಗುವಾಗ ಇನ್ನೆರಡು ತಗೊಂಡು ಹೋದ.

ಅರಮನೆಯ ಒಳಗೆ ಕಾಲಿಟ್ಟರೆ ನಿಜಕ್ಕೂ ತಂಪು. ತೇಗದ ಕಂಬಗಳು, ಕಟಾಂಜನ, ಒಂದಿಂಚೂ ಜಾಗ ಬಿಡದ ಬಣ್ಣ. ಪಶ್ಚಿಮದ ಗೋಡೆಯ ತುಂಬಾ 1780ರ ಪೊಳ್ಳಿಲೂರು ಯುದ್ಧ. ಹೈದರಾಲಿ, ಟಿಪ್ಪು ಸೇರಿ ಕರ್ನಲ್ ಬೈಲಿಯ ಇಂಗ್ಲಿಷ್ ಪಡೆಯನ್ನು ಬಗ್ಗುಬಡಿದದ್ದು. ಇದನ್ನು ಬರೆದವನಿಗೆ ಹಾಸ್ಯಪ್ರಜ್ಞೆ ಇತ್ತು ಅಂತ ನನ್ನ ಬಲವಾದ ನಂಬಿಕೆ. ಸುತ್ತಲೂ ತಲೆಗಳು ಉರುಳುತ್ತಿವೆ, ಕುದುರೆಗಳು ಮುಗ್ಗರಿಸುತ್ತಿವೆ, ಮದ್ದಿನ ಗಾಡಿ ಸಿಡಿಯುತ್ತಿದೆ. ಟಿಪ್ಪು ಮಾತ್ರ ತಣ್ಣಗೆ ಹೂವು ಮೂಸುತ್ತಿದ್ದಾನೆ. ಫ್ರೆಂಚರ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಇಂಗ್ಲಿಷ್ ಸಿಪಾಯಿಗಳ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಕೂತ ಬೈಲಿ ಬೆರಳು ಕಚ್ಚುತ್ತಿದ್ದಾನೆ.

ಪುಟ್ಟ ಅಲ್ಲೇ ನಿಂತ. ಅಕ್ಕನ ಮಗ, ಮೂರನೇ ಕ್ಲಾಸು. ಉಗುರು ಕಚ್ಚಬೇಡ ಅಂತ ಕಾರಿನಲ್ಲಿ ಇಡೀ ದಾರಿ ಬೈಸಿಕೊಂಡು ಬಂದಿದ್ದ.

"ಅಮ್ಮಾ, ಇವರು ಇಷ್ಟು ದೊಡ್ಡವರು. ಇವರಿಗೆ ಯಾರೂ ಬೈಯಲ್ವಾ?"

"ಅದಕ್ಕೇ ಅವನು ಸೋತಿದ್ದು" ಅಂದಳು ಅಕ್ಕ. ಚರಿತ್ರೆಯಿಂದ ಇಷ್ಟು ಬೇಗ ಲಾಭ ಪಡೆದವರನ್ನು ನಾನು ಬೇರೆ ಕಂಡಿಲ್ಲ.

ಮುಂದೆ ನಿಜಾಮನ ಸೈನ್ಯ. ಯುದ್ಧ ಮುಗಿದ ಮೇಲೆ ಬಂದದ್ದು. ಪುಟ್ಟ ಕತ್ತೆತ್ತಿ ಭಾವನನ್ನು ನೋಡಿದ, ಮತ್ತೆ ಗೋಡೆ ನೋಡಿದ, ಏನೂ ಹೇಳಲಿಲ್ಲ. ಬುದ್ಧಿವಂತ ಹುಡುಗ.

ನನಗೆ ಈ ಗೋಡೆಯ ಮುಂದಿನ ಕಥೆ ಇನ್ನೂ ಇಷ್ಟ. 1799ರಲ್ಲಿ ಪಟ್ಟಣ ಬಿತ್ತು, ಟಿಪ್ಪು ಸತ್ತ. ಕರ್ನಲ್ ವೆಲ್ಲೆಸ್ಲಿ ಬಂದು ಇದೇ ಅರಮನೆಯಲ್ಲಿ ಇಳಿದುಕೊಂಡ. ತಮ್ಮವರು ಸೋತು ಸುಣ್ಣವಾದ ಚಿತ್ರದ ಪಕ್ಕದಲ್ಲೇ ವಾಸ. ಹಾಳಾಗಿದ್ದ ಚಿತ್ರಗಳನ್ನು ಅವನೇ ಸರಿ ಮಾಡಿಸಿದ. ಆಮೇಲೆ ಡಾಲ್‌ಹೌಸಿ ಬಂದು ಮತ್ತೆ ಬಣ್ಣ ಹಾಕಿಸಿದ. ತಮ್ಮ ಸೋಲಿಗೆ ತಾವೇ ಕಾಸು ಕೊಟ್ಟು ಬಣ್ಣ ಹೊಡೆಸಿದವರನ್ನು ಮೆಚ್ಚಲೇಬೇಕು, ಅಲ್ವಾ? ನಮ್ಮ ಮನೆಯಲ್ಲಿ ನಾನು ಫೇಲಾದ ವರ್ಷದ ಗ್ರೂಪ್ ಫೋಟೋ ಕೂಡ ಬೀರುವಿನಿಂದ ಹೊರಗೆ ಬಂದಿಲ್ಲ.

ಗೇಟಿನ ಹೊರಗೆ ಪ್ಲಾಸ್ಟಿಕ್ ದುರ್ಬೀನು ಮಾರುತ್ತಿದ್ದರು. ಲಾಲಿಯನ್ನು ನೋಡಿ ಬಂದ ಪುಟ್ಟನನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ.

ಶ್ರೀರಂಗಪಟ್ಟಣದಿಂದ ಮೇಲುಕೋಟೆಗೆ ನಾವು ಹಿಡಿದದ್ದು ಪಾಂಡವಪುರದ ದಾರಿ. ಅದೇ ದಾರಿಯಲ್ಲಿ ಕಿರೀಟವೂ ಬರುತ್ತದೆ ಅನ್ನುವುದು ಭಾವನ ಲೆಕ್ಕದಲ್ಲಿ ಇರಲಿಲ್ಲ. ವೈರಮುಡಿ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಬೆಳಿಗ್ಗೆ ಪೊಲೀಸ್ ಕಾವಲಿನಲ್ಲಿ ಪೆಟ್ಟಿಗೆ ಹೊರಡುತ್ತದೆ. ದಾರಿಯ ಊರೂರಲ್ಲೂ ತೋರಣ, ರಂಗೋಲಿ, ಆರತಿ, ಪಾನಕ. ಯಾವ ಊರಿನವರೂ ಆರತಿ ಎತ್ತದೆ ಗಾಡಿಯನ್ನು ಮುಂದಕ್ಕೆ ಬಿಡುವುದಿಲ್ಲ. ಬಿಡಲೂಬಾರದು. ವರ್ಷಕ್ಕೊಮ್ಮೆ ಮನೆ ಮುಂದೆ ಬರುವ ಸ್ವಾಮಿಯ ಕಿರೀಟ ತಾನೇ.

ನಾವು ಸಿಕ್ಕಿಕೊಂಡದ್ದು ಅದರ ಹಿಂದೆ. ಒಂದು ಊರು ದಾಟಿದರೆ ಇನ್ನೊಂದು ಊರು, ಇನ್ನೊಂದು ಆರತಿ. ಭಾವ ತಾಳ್ಮೆಗೆಟ್ಟು ಕಾರನ್ನು ಬಲಕ್ಕೆ ತೆಗೆದರು. ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು.

"ಎಲ್ಲಿಗೆ ಸಾ?"

"ಸ್ವಲ್ಪ ಅರ್ಜೆಂಟ್ ಇದೆ, ಬಿಡಿ."

"ಅದೇ, ಎಲ್ಲಿಗೆ?"

"ಮೇಲುಕೋಟೆಗೆ. ಕಿರೀಟ ನೋಡೋಕೆ."

ಅವರು ಮುಂದಿನ ಗಾಡಿ ನೋಡಿದರು, ಭಾವನನ್ನು ನೋಡಿದರು. "ಕಿರೀಟ ಇಲ್ಲೇ ಅದೆ ಸಾ. ನೀವು ಮುಂದೆ ಹೋಗಿ ಏನ್ ನೋಡ್ತೀರಾ?"

ಇದಕ್ಕೆ ಉತ್ತರವಿಲ್ಲ. ಭಾವ ಎಡಕ್ಕೆ ಬಂದರು.

ಮುಂದಿನ ಊರಲ್ಲಿ ದೊಡ್ಡಮ್ಮ ಕೈಮುಗಿಯಬೇಕು ಅಂತ ಇಳಿದರು. ಸಂಜೆಯ ಹೊತ್ತು, ಬಿಸಿಲು ಇಳಿದಿತ್ತು. ಕೊಡೆ ಬೇಡ ಅಂದರು. ನಲ್ಲಿಯಲ್ಲಿ ಮುಖ ತೊಳೆಯಲು ಕನ್ನಡಕ ತೆಗೆದು ಚೀಲದಲ್ಲಿಟ್ಟು, ಚೀಲ ಸೀಟಿನ ಮೇಲಿಟ್ಟರು. ಡಬ್ಬಿ ಮಾತ್ರ ಕೈಯಲ್ಲಿತ್ತು. ಅಕ್ಕ, ಪುಟ್ಟ ಪಾನಕ ಕುಡಿದು ಬಂದರು. ಗಾಡಿಗಳು ಹೊರಟವು. ಹಿಂದಿನಿಂದ ಹಾರನ್ನೋ ಹಾರನ್ನು. ಭಾವ ಕಾರನ್ನು ಸ್ವಲ್ಪ ಮುಂದೆ ತಂದು ಪಕ್ಕಕ್ಕೆ ನಿಲ್ಲಿಸಿದರು. ದೊಡ್ಡಮ್ಮ ಬರಲಿಲ್ಲ. ನಾನು ವಾಪಸ್ ಓಡಿ ನಲ್ಲಿಯ ಹತ್ತಿರ ನೋಡಿದೆ, ಪಾನಕದ ಹಂಡೆಯ ಹತ್ತಿರ ನೋಡಿದೆ, ಅರಳಿಕಟ್ಟೆ ನೋಡಿದೆ. ಅವರ ಫೋನಿಗೆ ಮಾಡಿದರೆ ನಮ್ಮ ಸೀಟಿನ ಮೇಲಿದ್ದ ಚೀಲದಲ್ಲಿ ಭಕ್ತಿಗೀತೆ ಶುರುವಾಯಿತಂತೆ.

ಅಷ್ಟರಲ್ಲಿ ಭಾವನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ. ದೊಡ್ಡಮ್ಮನಿಗೆ ಎಲ್ಲರ ನಂಬರೂ ಬಾಯಿಪಾಠ, ಅದೊಂದು ಪುಣ್ಯ.

"ಅಳಿಯಂದಿರೇ, ಎಲ್ಲಿ ಹೋದ್ರಿ ಎಲ್ಲಾ? ನಾನು ಕಾರಲ್ಲೇ ಇದ್ದೀನಿ."

"ಯಾವ ಕಾರು ದೊಡ್ಡಮ್ಮ?"

"ನಮ್ಮದೇ. ಬಿಳೀದು." ಸ್ವಲ್ಪ ತಡೆದು, "ನಮ್ಮದಲ್ಲವಂತೆ. ಇರಲಿ ಬಿಡಿ, ಇವರೂ ಒಳ್ಳೆಯವರೇ. ಪಾಂಡವಪುರದವರು. ಕೋಡುಬಳೆ ಚೆನ್ನಾಗಿದೆ ಅಂದ್ರು."

ಆಮೇಲೆ ತಿಳಿದದ್ದು ಇಷ್ಟು. ಕನ್ನಡಕವಿಲ್ಲದ ದೊಡ್ಡಮ್ಮ ಸಿಕ್ಕ ಬಿಳೀ ಕಾರಿನ ಹಿಂದಿನ ಬಾಗಿಲು ತೆಗೆದು ಕೂತು, "ಹ್ಞೂಂ, ನಡೀರಿ" ಅಂದಿದ್ದಾರೆ. ಜಾತ್ರೆಯ ದಿನ ಒಬ್ಬ ಹಿರಿಯರು ಹಾಗೆ ಬಂದು ಕೂತರೆ ಇಳೀರಿ ಅನ್ನುವುದು ಹೇಗೆ ಅಂತ ಆ ಮನೆಯವರಿಗೆ ಸಂಕೋಚ. ಗಂಡನ ಕಡೆಯವರು ಇರಬೇಕು ಅಂತ ಹೆಂಡತಿ, ಹೆಂಡತಿಯ ಕಡೆಯವರು ಅಂತ ಗಂಡ, ಸುಮ್ನೆ ಕೂತಿದ್ದಾರೆ. ಅಡ್ಡದಾರಿ ಗೊತ್ತಿದ್ದ ಜನ. ಕೆರೆ ಏರಿಯ ಮೇಲೆ ಹೋಗಿ ಕಿರೀಟಕ್ಕಿಂತ ಮೊದಲೇ ಮೇಲುಕೋಟೆ ತಲುಪಿದ್ದಾರೆ. ಅಂದರೆ ಕಿರೀಟವನ್ನು ಓವರ್‌ಟೇಕ್ ಮಾಡಿದ್ದು ಕೊನೆಗೆ ದೊಡ್ಡಮ್ಮ.

ನಾವು ತಲುಪುವ ಹೊತ್ತಿಗೆ ಕತ್ತಲೆ. ಊರಿನಿಂದ ಎಷ್ಟೋ ದೂರದಲ್ಲಿ ಕಾರು ನಿಲ್ಲಿಸಿ ನಡೆದೆವು. ಬೆಟ್ಟದ ಮೇಲೆ ಯೋಗನರಸಿಂಹನ ಗೋಪುರಕ್ಕೆ ದೀಪ, ಕೆಳಗೆ ಕಲ್ಯಾಣಿಗೆ ದೀಪ, ನಡುವೆ ಜನವೋ ಜನ. ಮೇಲುಕೋಟೆಗೆ ಬಂದು ಪುಳಿಯೋಗರೆ ತಿನ್ನದೆ ಇರುವುದುಂಟೇ? ತಿಂದೆವು. ಹೆದ್ದಾರಿಯ ಹೋಟೆಲುಗಳಲ್ಲಿ ಇದೇ ಹೆಸರಿನಲ್ಲಿ ಕೊಡುವುದು ಹಳದಿ ಬಣ್ಣದ ಹುಳಿ ಅನ್ನ. ಇದು ಕಂದು ಬಣ್ಣದ್ದು, ಗೊಜ್ಜು ಕಾಳು ಕಾಳಿಗೂ ಹಿಡಿದಿತ್ತು. ಆ ದಿನ ಭಾವನ ಲೆಕ್ಕದ ಪ್ರಕಾರವೇ ನಡೆದದ್ದು ಇದೊಂದೇ, ಹಾಗಾಗಿ ಅವರು ಎರಡು ತಟ್ಟೆ ತಿಂದರು.

ದೊಡ್ಡಮ್ಮ ಇದ್ದದ್ದು ಉತ್ಸವದ ಬೀದಿಯಲ್ಲೇ ಒಂದು ಮನೆಯ ಜಗಲಿಯ ಮೇಲೆ. ಆ ಪಾಂಡವಪುರದವರ ನೆಂಟರ ಮನೆ. ದೂರದಿಂದ ಕಂಡರು, ಒಂದು ಲೋಟ ಕಾಫಿ ಹಿಡಿದು ಕೂತಿದ್ದರು. ನಮಗೂ ಅವರಿಗೂ ನಡುವೆ ಸಾವಿರಾರು ಜನ, ಮೇಲೆ ಬ್ಯಾರಿಕೇಡು. ಅವರು ಕೈ ಬೀಸಿದರು. ನಮಗೇನಾ, ಎಲ್ಲರಿಗೂನಾ ಗೊತ್ತಾಗಲಿಲ್ಲ.

ಕಿರೀಟವನ್ನು ಸ್ವಾಮಿಗೆ ಮುಡಿಸುವ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಮುಡಿಸುತ್ತಾರೆ ಅಂತ ಪಕ್ಕದಲ್ಲಿ ನಿಂತಿದ್ದ ಯಜಮಾನರೊಬ್ಬರು ಹೇಳಿದರು. ಮುಡಿಸುವವರೇ ನೋಡುವುದಿಲ್ಲ ಅಂದ ಮೇಲೆ ನಮ್ಮ ಆಸೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು. ಅಷ್ಟರಲ್ಲಿ ವಾದ್ಯ ಜೋರಾಯಿತು. ಗರುಡನ ಮೇಲೆ ಕೂತ ಸ್ವಾಮಿ ಹೊರಗೆ ಬಂದ. "ಗೋವಿಂದಾ, ಗೋವಿಂದ!" ಅಂತ ಇಡೀ ಬೀದಿ ಕೂಗಿತು. ಮುಗಿಯಲು ಎದ್ದ ಕೈಗಳಲ್ಲೆಲ್ಲಾ ಫೋನು.

ಪುಟ್ಟ ಭಾವನ ಹೆಗಲೇರಿ ದುರ್ಬೀನು ಹಿಡಿದ.

"ಏನಾದ್ರೂ ಕಾಣುತ್ತೇನೋ?"

"ಕಾಣುತ್ತೆ ಮಾಮ. ಮುಂದಿರೋ ಅಂಕಲ್ ಫೋನಲ್ಲಿ ಕಾಣ್ತಿದೆ."

"ಕಿರೀಟ ಹೇಗಿದೆ?"

"ಹೊಳೀತಿದೆ." ಸ್ವಲ್ಪ ಹೊತ್ತು ಬಿಟ್ಟು, "ಅಂಕಲ್‌ದು ಬ್ಯಾಟರಿ ಹನ್ನೆರಡು ಪರ್ಸೆಂಟ್ ಇದೆ."

ಉತ್ಸವ ಮುಂದಕ್ಕೆ ಸಾಗಿ ಜನ ಸ್ವಲ್ಪ ಸಡಿಲವಾದ ಮೇಲೆ ನಾವು ಜಗಲಿ ತಲುಪಿದೆವು. ಅಕ್ಕ ಚೀಲದಿಂದ ಕನ್ನಡಕ ತೆಗೆದು ಕೊಟ್ಟಳು. ಆಗಲೇ ನಮಗೆಲ್ಲಾ ಹೊಳೆದದ್ದು. ಎಲ್ಲರಿಗಿಂತ ಮುಂದೆ, ಕೈ ಚಾಚಿದರೆ ಸಿಗುವ ಹಾಗೆ ಸ್ವಾಮಿ ಹಾದುಹೋಗಿದ್ದು ಕನ್ನಡಕವಿಲ್ಲದ ದೊಡ್ಡಮ್ಮನ ಎದುರಿಗೆ.

"ಅಯ್ಯೋ ದೊಡ್ಡಮ್ಮ, ನಿಮಗೆ ಏನೂ ಕಾಣಲಿಲ್ವಾ?"

"ಯಾಕೆ ಕಾಣಲ್ಲ? ಚೆನ್ನಾಗಿ ಕಾಣ್ತು. ನಿಮಗೆ?"

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕನ್ನಡಕ ಇದ್ದವರು ನಾವು, ದುರ್ಬೀನೂ ಇತ್ತು.

"ಹೊರಡೋಣವಾ?" ಅಂದರು ಭಾವ. ಹತ್ತು ಗಂಟೆ ಯಾವಾಗಲೋ ಕಳೆದಿತ್ತು.

"ಈಗಲೇನಾ? ಇನ್ನೊಂದು ಕಿರೀಟ ಇದೆಯಂತಲ್ಲಾ." ವೈರಮುಡಿ ತೆಗೆದ ಮೇಲೆ ರಾಜ ಒಡೆಯರು ಕೊಟ್ಟ ರಾಜಮುಡಿಯನ್ನು ಸ್ವಾಮಿಗೆ ಮುಡಿಸುತ್ತಾರೆ. ದೊಡ್ಡಮ್ಮ ಇಷ್ಟೂ ವಿಷಯವನ್ನು ಜಗಲಿಯ ಮೇಲೆ ಕಲಿತುಕೊಂಡಿದ್ದರು. "ಕೃಷ್ಣರಾಜಮುಡಿ ಅಂತಲೂ ಒಂದಿದೆಯಂತೆ. ಅದು ಬೇರೆ ದಿನ. ಪುಣ್ಯ, ಇಲ್ಲದಿದ್ರೆ ಅಳಿಯಂದಿರಿಗೆ ಕಷ್ಟ ಆಗೋದು." ಆ ಮನೆಯವರು ನಮಗೂ ಚಾಪೆ ಹಾಸಿ ದಿಂಬು ಕೊಟ್ಟರು. ಭಾವ ಮಲಗಿದ ತಕ್ಷಣ ಗೊರಕೆ. ರಾಜಮುಡಿಯನ್ನೂ ನೋಡಿದ್ದು ದೊಡ್ಡಮ್ಮ ಒಬ್ಬರೇ.

ಬೆಳಗಿನ ಜಾವ ಹೊರಟೆವು. ಕಾರು ಹತ್ತುವ ಮುಂಚೆ ದೊಡ್ಡಮ್ಮ ನಂಬರ್ ಪ್ಲೇಟನ್ನು ಗಟ್ಟಿಯಾಗಿ ಓದಿಕೊಂಡರು. ಪಾಂಡವಪುರ ಬರುತ್ತಿದ್ದ ಹಾಗೆ ಮೆಲ್ಲಗೆ ಅಂದರು: "ಅಳಿಯಂದಿರೇ, ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ನಾನು ಅವರ ಕಾರಲ್ಲೇ ಬರ್ತೀನಿ. ಆಗಲೇ ಹೇಳಿಬಿಟ್ಟಿದ್ದೀನಿ."

ಭಾವ ತುಂಬಾ ಹೊತ್ತು ಮಾತಾಡಲಿಲ್ಲ. ಮೈಸೂರು ಹತ್ತಿರ ಬಂದಾಗ ಕೇಳಿದರು, "ಅವರದು ಐದು ಸೀಟಿನದಾ, ಏಳು ಸೀಟಿನದಾ?"